ಝೀರೋ ಬಲ್ಬಿನ ಲೆಕ್ಕ

೩ ಡಿಸೆಂಬರ್ ೨೦೦೧, ಸೋಮವಾರ

ಕರೆಂಟಿನ ಬಿಲ್ಲು ಬಂತು. ನೋಡಿದ ಕೂಡಲೇ ತಲೆ ಬಿಸಿಯಾಯಿತು. ಕಳೆದ ತಿಂಗಳಿಗಿಂತ ಮೂವತ್ತು ರೂಪಾಯಿ ಹೆಚ್ಚು. ನಮ್ಮ ಬದಿಯಲ್ಲಿ ಹೊಸದಾಗಿ ಉರಿದದ್ದು ಏನೂ ಇಲ್ಲ. ಮಗಳು ವಿಜೇತಾ ಹತ್ತನೇ ತರಗತಿ, ಅವಳು ಓದುವಾಗ ಒಂದು ಟ್ಯೂಬ್‌ಲೈಟು. ನನಗೆ ಅಡುಗೆಮನೆಯಲ್ಲಿ ಒಂದು ಬಲ್ಬು. ಹಾಗಾದರೆ ಹೆಚ್ಚು ಉರಿಸಿದ್ದು ಯಾರು? ಗೋಡೆಯ ಆಚೆಯವಳು.

ಆಚೆಯವಳು ಎಂದರೆ ಸರಸ. ಭಾವನ ಹೆಂಡತಿ, ನನ್ನ ಓರಗಿತ್ತಿ. ಶಿರ್ತಾಡಿಯ ಈ ಮನೆ ಮಾವ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ಅಣ್ಣ ತಮ್ಮಂದಿರೊಳಗೆ ಮಾತಿಗೆ ಮಾತು ಬೆಳೆದು, ಆರು ವರ್ಷದ ಹಿಂದೆ ಮನೆಯ ನಡುವೆ ಗೋಡೆ ಎದ್ದಿತು. ಗೋಡೆ ಎಬ್ಬಿಸಿ ಇಬ್ಬರೂ ಊರು ಬಿಟ್ಟರು. ಭಾವ ನಿತ್ಯಾನಂದರು ಪುಣೆಯ ಹೋಟೆಲಿಗೆ, ಇವರು ಬಹರೈನಿಗೆ. ಗೋಡೆಯ ಎರಡು ಬದಿಗೆ ನಾವಿಬ್ಬರು ಹೆಂಗಸರು ಉಳಿದೆವು. ಆ ಗೋಡೆಯಾದರೂ ಸರಿ ಉಂಟೋ? ಹಂಚಿನ ತನಕ ಮುಟ್ಟುವುದೇ ಇಲ್ಲ. ಮೇಲೆ ಒಂದಾಳು ನುಸುಳುವಷ್ಟು ಜಾಗ ಖಾಲಿ. ಅವಳ ಬಂಗುಡೆ ಮೀನಿನ ಸಾರಿನ ಪರಿಮಳ ನಮ್ಮ ಬದಿಗೆ, ನನ್ನ ಬೈಗುಳ ಅವಳ ಬದಿಗೆ, ಎಲ್ಲ ಧಾರಾಳ ಹೋಗಿ ಬರುತ್ತದೆ.

ಮೀಟರು ಮಾತ್ರ ಒಂದೇ. ಈಗಲೂ ಮಾವನ ಹೆಸರಿನಲ್ಲಿ ಜಗಲಿಯಲ್ಲಿ ತಿರುಗುತ್ತಿದೆ. ಬಿಲ್ಲನ್ನು ಪಾಯಿಂಟ್ ಲೆಕ್ಕದಲ್ಲಿ ಹಂಚಬೇಕೆಂದು ಆಗಲೇ ತೀರ್ಮಾನ. ಆಚೆ ಆರು ದೀಪ, ಈಚೆ ಐದು. ಝೀರೋ ಬಲ್ಬುಗಳಿಗೆ ಕರೆಂಟ್ ಖರ್ಚಾಗುವುದಿಲ್ಲವಾದ್ದರಿಂದ ಅವು ಲೆಕ್ಕಕ್ಕಿಲ್ಲ.

ಇವರು ತಂದ ಡೈರಿ ಸುಮ್ಮನೆ ಬಿದ್ದಿತ್ತು. ಇಂದಿನಿಂದ ಇದರಲ್ಲಿ ಬೆಳಕಿನ ಲೆಕ್ಕ ಬರೆಯುತ್ತೇನೆ. ಇವರಿಗೆ ಈಗಲೇ ಒಂದು ಪತ್ರವನ್ನೂ ಹಾಕುತ್ತೇನೆ, ಮಾರ್ಚಿನಲ್ಲಿ ರಜೆಗೆ ಬಂದಾಗ ಲೆಕ್ಕ ಮುಂದಿಟ್ಟು ಕೇಳಬೇಕು. ಬೇರೆ ಮೀಟರು ಆಗಬೇಕು, ಗೋಡೆ ಹಂಚಿನ ತನಕ ಏರಬೇಕು. ಎರಡರಲ್ಲಿ ಒಂದೂ ತಪ್ಪಬಾರದು.

೮ ಡಿಸೆಂಬರ್, ಶನಿವಾರ

ಮೂಡುಬಿದಿರೆಗೆ ಹೋಗಿದ್ದೆ. ಮುನವ್ವರನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೊಸ ನಮೂನೆಯ ಸಿಎಫ್ಎಲ್ ಬಂದಿದೆ. ಚಕ್ಕುಲಿಯನ್ನು ಎಳೆದು ನಿಲ್ಲಿಸಿದ ಹಾಗೆ ಕಾಣುತ್ತದೆ.

“ಬಲ್ಬು ಹಾಕಿ ಯಾಕೆ ಹಣ ಸುಡ್ತೀರಿ ಅಕ್ಕಾ? ಇದು ಹನ್ನೊಂದೇ ವಾಟ್ಸು. ಅರವತ್ತರ ಬಲ್ಬಿನಷ್ಟು ಬೆಳಕು ಉಂಟು. ಒಂದು ವರ್ಷದಲ್ಲಿ ಅದರ ಕ್ರಯ ಅದುವೇ ವಾಪಸ್ ಕೊಡ್ತದೆ” ಎಂದ.

“ವರ್ಷದೊಳಗೆ ಹಾಳಾದ್ರೆ?”

“ವೋಲ್ಟೇಜು ಸರಿ ಇದ್ರೆ ಎಂಥದ್ದೂ ಆಗುದಿಲ್ಲ.”

ಶಿರ್ತಾಡಿಯಲ್ಲಿ ವೋಲ್ಟೇಜು ಸರಿಯಾಗುವುದು ಊರವರೆಲ್ಲ ದೀಪ ಆರಿಸಿ ಮಲಗಿದ ಮೇಲೆ. ಇನ್ನೂರ ಇಪ್ಪತ್ತು ರೂಪಾಯಿ ಎಂದು ಕೇಳಿ ಚಕ್ಕುಲಿಯನ್ನು ಅಲ್ಲೇ ಬಿಟ್ಟೆ. ದೇವರ ಪಟದ ಮುಂದಿನ ಕೆಂಪು ಝೀರೋ ಬಲ್ಬು ಹೋಗಿತ್ತು, ಅದೊಂದನ್ನು ಕೊಂಡೆ. “ಝೀರೋ ಎಷ್ಟು ಬೇಕಾದ್ರೂ ಹಾಕಿ, ಅದಕ್ಕೆ ಕರೆಂಟೇ ಬೇಡ” ಎಂದು ಅವನೂ ಹೇಳಿದ.

೧೦ ಡಿಸೆಂಬರ್, ಸೋಮವಾರ

ಕೂತು ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಗಂಟೆ ಉರಿದರೆ, ಯೂನಿಟ್ಟಿಗೆ ಎರಡೂವರೆ ರೂಪಾಯಿಯ ಅಂದಾಜಿಗೆ, ಅರವತ್ತರ ಬಲ್ಬಿಗೆ ತಿಂಗಳಿಗೆ ಹದಿನೆಂಟು ರೂಪಾಯಿ. ಟ್ಯೂಬಿಗೆ ಅದರ ಚೋಕು ತಿನ್ನುವುದನ್ನೂ ಸೇರಿಸಿ ಹದಿನೈದು. ಮುನವ್ವರನ ಚಕ್ಕುಲಿಗೆ ಮೂರು ಚಿಲ್ಲರೆ. ಅವನು ವರ್ಷ ಎಂದ, ನನ್ನ ಲೆಕ್ಕದಲ್ಲಿ ಅದರ ಕ್ರಯ ವಾಪಸ್ ಬರಲು ಹದಿನೈದು ತಿಂಗಳು ಬೇಕು. ವ್ಯಾಪಾರಿಗಳ ವರ್ಷ ಯಾವಾಗಲೂ ಸ್ವಲ್ಪ ಉದ್ದ.

ಸೀಮೆಎಣ್ಣೆಯದ್ದೂ ಬರೆದು ನೋಡಿದೆ. ರೇಷನ್ನಿನ ಮೂರು ಲೀಟರ್ ಎಂದರೂ ಇಪ್ಪತ್ತೇಳು ರೂಪಾಯಿ. ಎಲ್ಲಕ್ಕಿಂತ ದುಬಾರಿ ಅದೇ, ಬೆಳಕು ಎಲ್ಲಕ್ಕಿಂತ ಕಡಿಮೆ. ಆದರೂ ನಾನು ಮದುವೆಯಾಗಿ ಬಂದ ವರ್ಷ ಈ ಮನೆಯಲ್ಲಿ ಬೆಳಕು ಕಡಿಮೆ ಇತ್ತು ಎಂದು ಒಮ್ಮೆಯೂ ಅನ್ನಿಸಿದ್ದಿಲ್ಲ. ಯಾಕೆಂದು ತಿಳಿಯುವುದಿಲ್ಲ.

೧೯ ಡಿಸೆಂಬರ್, ಬುಧವಾರ

ಸಂಜೆ ಆರೂವರೆಗೆ ಕರೆಂಟ್ ಹೋದದ್ದು ಎಂಟೂವರೆಗೆ ಬಂತು. ವಿಜೇತಾ ಗಣಿತದ ನಡುವೆ ಸಿಕ್ಕಿಬಿದ್ದಿದ್ದಳು. ಅಟ್ಟದಿಂದ ಲಾಟೀನು ಇಳಿಸಿದೆ. ಗಾಜು ಮಸಿ ಹಿಡಿದು ಕಪ್ಪಾಗಿತ್ತು. ಬೂದಿ ಹಾಕಿ ಒರೆಸುವಾಗ ಕೈ ಒಳಗೆ ಹೋಗಲಿಲ್ಲ. ಮೊದಲು ಸಲೀಸಾಗಿ ಹೋಗುತ್ತಿತ್ತು.

ಮದುವೆಯಾದ ಹೊಸತರಲ್ಲಿ ಗಾಜು ಒರೆಸುವ ಕೆಲಸ ನನ್ನದೇ, ನನ್ನ ಕೈ ಸಣ್ಣದೆಂದು. ಸರಸಕ್ಕ ಬತ್ತಿ ಕತ್ತರಿಸಿ ಎಣ್ಣೆ ಹಾಕುತ್ತಿದ್ದಳು. ಹಿಂದಿನ ಮೆಟ್ಟಲಲ್ಲಿ ದಿನಾ ಸಂಜೆ ಇಬ್ಬರೂ ಕೂತುಕೊಳ್ಳುತ್ತಿದ್ದೆವು. ಅತ್ತೆ ಎಣ್ಣೆ ಅಳೆದು ಕೊಡುವಾಗ ಮುಖ ಹೀಗೆ ಮಾಡುತ್ತಾರೆಂದು ಅವಳು ಅಭಿನಯಿಸಿ ತೋರಿಸುತ್ತಿದ್ದಳು. ನಾನು ನಕ್ಕು ನಕ್ಕು ಒಮ್ಮೆ ಗಾಜನ್ನೇ ಬಿಟ್ಟು ಒಡೆದೆ. ಒಡೆದದ್ದು ತಾನೆಂದು ಅತ್ತೆಗೆ ಹೇಳಿದ್ದು ಸರಸಕ್ಕ.

ಎಂಬತ್ತೈದರಲ್ಲಿ ಕರೆಂಟ್ ಬಂತು. ಅಡುಗೆಮನೆಯಲ್ಲಿ ಮೊದಲ ಬಲ್ಬು ಹತ್ತಿದಾಗ ನಾವೆಲ್ಲ ಬಲ್ಬನ್ನು ನೋಡುತ್ತಿದ್ದರೆ ಅವಳು ಗೋಡೆ ನೋಡುತ್ತಿದ್ದಳು. “ದೇವರೇ, ಇಷ್ಟು ಮಸಿಯಲ್ಲಿ ಬದುಕಿದ್ದೇವಾ ನಾವು!” ಎಂದು ಹೌಹಾರಿದಳು. ಮರುದಿನ ಇಬ್ಬರೂ ಸೀರೆ ಎತ್ತಿಕಟ್ಟಿ ಗೋಡೆ ತೊಳೆಯಲು ಶುರುಮಾಡಿದವರು ಎರಡು ದಿನ ತೊಳೆದೆವು. ಅಷ್ಟು ಸುಸ್ತು, ಅಷ್ಟು ಸಂತೋಷ ಮತ್ತೆ ಯಾವ ಕೆಲಸದಲ್ಲೂ ಆಗಲಿಲ್ಲ.

ಇದನ್ನೆಲ್ಲ ಯಾಕೆ ಬರೆದೆನೋ. ಲೆಕ್ಕಕ್ಕೆ ಬೇಕಾದದ್ದಲ್ಲ.

೬ ಜನವರಿ ೨೦೦೨, ಭಾನುವಾರ

ನಮ್ಮ ಟ್ಯೂಬಿನ ಚೋಕು ಸುಟ್ಟು ವಾಸನೆ ಬಂತು. ಹೊಸತಕ್ಕೆ ನೂರರ ಮೇಲೆ ಆಗುತ್ತದೆ. ಅಷ್ಟರಲ್ಲಿ ವಿಜೇತಾ ತನ್ನ ಮೇಜನ್ನು ಎಳೆದು ನಡುಗೋಡೆಯ ಬುಡಕ್ಕೆ ಹಾಕಿಕೊಂಡಳು. ನೋಡಿದರೆ ಆಚೆಯವಳ ಟ್ಯೂಬಿನ ಬೆಳಕು ನಡುಗೋಡೆ ದಾಟಿ ನಮ್ಮ ಎದುರಿನ ಸುಣ್ಣದ ಗೋಡೆಗೆ ಹೊಡೆದು ಮೇಜಿನ ಮೇಲೆ ಚೆನ್ನಾಗಿ ಬೀಳುತ್ತದೆ. ಅಕ್ಷರ ಸ್ಪಷ್ಟ ಕಾಣುತ್ತದೆ. ನಾನೂ ಅಲ್ಲೇ ಕೂತು ಅಕ್ಕಿಯ ಕಲ್ಲು ಆರಿಸಿದೆ.

ಚೋಕು ತರುವುದು ಬೇಡವೆಂದು ತೀರ್ಮಾನಿಸಿದೆ. ಲೆಕ್ಕದಲ್ಲಿ ಹೀಗೆ ಬರೆದೆ: ಆಚೆಯ ಬೆಳಕು, ಖರ್ಚು ಸೊನ್ನೆ. ಎಷ್ಟು ಹೋಲಿಸಿದರೂ ಇದಕ್ಕಿಂತ ಅಗ್ಗದ ದೀಪ ಮುನವ್ವರನ ಅಂಗಡಿಯಲ್ಲಿಲ್ಲ.

೧೧ ಜನವರಿ, ಶುಕ್ರವಾರ

ಆಚೆಯವಳಿಗೆ ಸೊಕ್ಕು. ಮೊದಲೆಲ್ಲ ಕೋಳಿಯ ಹಾಗೆ ಎಂಟೂವರೆಗೆ ಮಲಗುತ್ತಿದ್ದವಳು ಈಗ ಹನ್ನೊಂದಾದರೂ ಟ್ಯೂಬು ಆರಿಸುವುದಿಲ್ಲ. ನಾನು ನೀರು ಕುಡಿಯಲು ಎದ್ದಾಗ ನೋಡಿದೆ, ಹಗಲಿನ ಹಾಗೆ ಉರಿಯುತ್ತಿತ್ತು. ಒಬ್ಬಳಿಗೆ ಎಷ್ಟು ಬೆಳಕು ಬೇಕು? ಬೇರೆ ಮೀಟರಿನ ಸುದ್ದಿ ಹೇಗೋ ಕಿವಿಗೆ ಬಿದ್ದಿರಬೇಕು. ಒಟ್ಟಿಗೆ ಇರುವ ತನಕ ಉರಿಸಿಬಿಡುವ ಎಂದು ಹೊರಟಿದ್ದಾಳೆ.

ವಿಜೇತಾಳಿಗೆ ಹೇಳಿದರೆ, “ಬಿಡಿ ಅಮ್ಮ, ನಿಮಗೆ ಎಂಥ ಮಾಡ್ಲಿಕ್ಕೆ ಉಂಟು” ಎಂದು ನನ್ನನ್ನೇ ಗದರಿಸಿದಳು. ಓದಿನ ತಲೆಬಿಸಿ ಅವಳಿಗೆ.

೨೧ ಜನವರಿ, ಸೋಮವಾರ

ಆಚೆ ಕತ್ತಲೆ. ಅವಳು ಮುಂಡಾಜೆಗೆ, ತವರಿಗೆ ಹೋಗಿದ್ದಾಳಂತೆ. ಒಂದು ಮಾತು ಹೇಳಿ ಹೋಗಬಾರದೇ? ವಿಜೇತಾ ಅಡುಗೆಮನೆಯ ಬಲ್ಬಿನ ಅಡಿಯಲ್ಲಿ ಕೂತು ಓದಿದಳು. ಒಗ್ಗರಣೆ ಕಣ್ಣಿಗೆ ಹೊಡೆಯುತ್ತದೆಂದು ಇಬ್ಬರಿಗೂ ಜಗಳ.

ಮನೆ ದೊಡ್ಡದಾದ ಹಾಗಿದೆ.

೨೨ ಜನವರಿ, ಮಂಗಳವಾರ

ಇಂದು ನಡೆದದ್ದನ್ನು ಹೇಗೆ ಬರೆಯಲಿ?

ಆಚೆಯ ಬದಿ ಖಾಲಿ ಇರುವಾಗಲೇ ಮೀಟರು ಪರೀಕ್ಷೆ ಮಾಡುವ ಎನ್ನಿಸಿತು. ನಮ್ಮ ಎಲ್ಲ ದೀಪ, ಫ್ಯಾನು ಆರಿಸಿದರೆ ಮೀಟರಿನೊಳಗಿನ ಚಕ್ರ ನಿಲ್ಲಬೇಕು. ಆಮೇಲೆ ಒಂದೊಂದೇ ಹಾಕಿ ಯಾವುದಕ್ಕೆ ಎಷ್ಟು ತಿರುಗುತ್ತದೆಂದು ಬರೆದರೆ ಇವರು ಬಂದಾಗ ಯಾರೂ ಎದುರು ಮಾತಾಡುವಂತಿಲ್ಲ. ಸಂಜೆ ಏಳಕ್ಕೆ ಎಲ್ಲ ಆರಿಸಿ ಟಾರ್ಚು ಹಿಡಿದು ಜಗಲಿಗೆ ಬಂದೆ. ಚಕ್ರ ತಿರುಗುತ್ತಲೇ ಇತ್ತು. ನಿಧಾನ, ಆದರೆ ತಿರುಗುತ್ತಿತ್ತು. ಅಂಚಿನ ಕೆಂಪು ಗುರುತು ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಮೆಲ್ಲಗೆ ಹೊರಗೆ ಬಂತು.

ನನಗೆ ಹಬ್ಬವಾಯಿತು. ಆಚೆಯವಳು ಏನನ್ನೋ ಉರಿಸಿಟ್ಟು ಹೋಗಿದ್ದಾಳೆ! ಸ್ಟೂಲು ಹತ್ತಿ ಗೋಡೆಯ ಮೇಲಿನಿಂದ ಇಣುಕಿದೆ. ಕಪ್ಪು ಕತ್ತಲೆ. ಒಂದು ದೀಪವಿಲ್ಲ. ಕತ್ತಲೆಯಲ್ಲಿ ಕಂಡದ್ದು ಒಂದೇ, ಅವಳ ಮಂಚದ ಮೇಲಿನ ಹಂಚುಗಳು ತೆಳ್ಳಗೆ ನೀಲಿಯಾಗಿದ್ದವು. ಆ ನೀಲಿ ನಮ್ಮ ಮಲಗುವ ಕೋಣೆಯ ಝೀರೋ ಬಲ್ಬಿನದ್ದು. ಝೀರೋಗಳು ಲೆಕ್ಕಕ್ಕಿಲ್ಲವೆಂದು ನಾನು ಅವನ್ನು ಆರಿಸಿರಲಿಲ್ಲ.

ಇಳಿದು ಬಂದು ನೀಲಿ ಝೀರೋ ಆರಿಸಿ ಮೀಟರು ನೋಡಿದೆ. ಚಕ್ರ ಇನ್ನೂ ನಿಧಾನವಾಯಿತು. ದೇವರ ಮುಂದಿನ ಕೆಂಪು ಝೀರೋ ಆರಿಸಿದೆ. ತಿರುಗುತ್ತದೋ ಇಲ್ಲವೋ ಎನ್ನುವಷ್ಟಾಯಿತು. ಹಿಂದಿನ ಓಣಿಯ ಬಿಳಿ ಝೀರೋ ಆರಿಸಿದೆ. ನಿಂತಿತು.

ಬಲ್ಬನ್ನು ಕಳಚಿ ಸೆರಗಿನಿಂದ ಒರೆಸಿ ನೋಡಿದೆ. ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಹದಿನೈದು ವಾಟ್ಸ್ ಎಂದಿದೆ. ಇಷ್ಟು ವರ್ಷ ಹಾಕುತ್ತಿದ್ದೇನೆ, ಓದಿರಲಿಲ್ಲ. ಸೊನ್ನೆ ಎಂದು ಹೆಸರಿಟ್ಟ ಮೇಲೆ ಓದುವುದಕ್ಕೆ ಏನಿದೆ ಎಂದಿರಬೇಕು.

ಲೆಕ್ಕ ಹಾಕಿದೆ. ಹಾಕದೆ ಇರಲು ಆಗಲಿಲ್ಲ. ಒಂದು ಝೀರೋ ಸಂಜೆಯಿಂದ ಬೆಳಗಿನ ತನಕ ಉರಿದರೆ ಒಂದು ಟ್ಯೂಬು ಮೂರು ಗಂಟೆಗೂ ಹೆಚ್ಚು ಉರಿದಷ್ಟು. ನಮ್ಮಲ್ಲಿ ಮೂರು. ಗೋಡೆ ಎದ್ದ ದಿನದಿಂದ ಪ್ರತಿ ರಾತ್ರಿ. ಆರು ಪಾಯಿಂಟಿನವಳೆಂದು ಬಿಲ್ಲಿನ ದೊಡ್ಡ ಪಾಲು ಕೊಡುತ್ತಿದ್ದವಳು ಅವಳು.

ಝೀರೋ ಎಂದು ಹೆಸರಿಟ್ಟವನು ಕೈಗೆ ಸಿಕ್ಕಿದರೆ ಬಿಡುವುದಿಲ್ಲ.

೨೩ ಜನವರಿ, ಬುಧವಾರ

ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇರೆ ಮೀಟರಿನ ನನ್ನ ವಾದವೇ ಬಿದ್ದುಹೋಗುತ್ತದೆ. ಮೂರೂ ಝೀರೋ ಆರಿಸಿಟ್ಟಿದ್ದೇನೆ. ದೇವರಿಗೆ ಎಣ್ಣೆದೀಪ ಹಚ್ಚಿದೆ.

೨೭ ಜನವರಿ, ಭಾನುವಾರ

ಸರಸಕ್ಕ ಸಂಜೆ ಬಂದಳು. ಬಂದು ಒಂದು ಗಂಟೆಯಾಗಿರಲಿಲ್ಲ, ಗೋಡೆಯ ಆಚೆಯಿಂದ ದನಿ ಬಂತು. ನನ್ನ ಹೆಸರು ಹಿಡಿದು ಕರೆಯದೆ ಎಷ್ಟೋ ಕಾಲವಾಗಿತ್ತು.

“ವಾರಿಜಾ, ನಿನ್ನ ನೀಲಿ ಝೀರೋ ಯಾಕೆ ಹೊತ್ತಿಸ್ಲಿಲ್ಲ?”

ನನ್ನ ಬಾಯಿಂದ ಫಕ್ಕನೆ ಬಂದದ್ದು, “ಫ್ಯೂಸ್ ಆಗಿದೆ.”

“ಹೌದಾ. ಅದು ಹಂಚಿನಲ್ಲಿ ಕಾಣ್ತಾ ಇದ್ರೆ ನನಗೆ ಒಂದು ಧೈರ್ಯ ಮಾರಾಯ್ತಿ. ಆಚೆ ಜನ ಉಂಟು ಅಂತ. ಇಲ್ಲದ್ರೆ ನಿದ್ರೆ ಬರುದಿಲ್ಲ.”

ಸ್ವಲ್ಪ ಹೊತ್ತಿಗೆ ಚಪ್ಪಲಿಯ ಸದ್ದು ಕೇಳಿತು. ಪೇಟೆಯ ಕಡೆಗೆ ಹೋಗಿ ಬಂದಿದ್ದಳು. ಗೋಡೆಯ ಮೇಲೆ ಒಂದು ಕೈ ಕಾಣಿಸಿತು. ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಒಳಗೆ ಹೊಸ ನೀಲಿ ಝೀರೋ. “ಹಿಡಿ. ಇದನ್ನು ಹಾಕು” ಎಂದಳು.

ತೆಗೆದುಕೊಂಡೆ. ಅವಳ ಕೈಯ ಬಳೆಗಳು ಹಳೆಯವೇ, ಕೈ ಮಾತ್ರ ಸಪೂರವಾಗಿದೆ. ನನಗೆ ಅಳು ಬಂತು. ಹೊಸದನ್ನು ಪೆಟ್ಟಿಗೆಯಲ್ಲೇ ಇಟ್ಟು ಹಳೆಯದರ ಸ್ವಿಚ್ಚು ಒತ್ತಿದೆ.

೩ ಫೆಬ್ರವರಿ, ಭಾನುವಾರ

ಬೆಳಿಗ್ಗೆ ವಿಜೇತಾಳ ಹತ್ತಿರ ಕೇಳಿದೆ, “ಸರಸಕ್ಕ ಅಷ್ಟು ಹೊತ್ತು ಟ್ಯೂಬು ಹಾಕಿ ಎಂಥ ಮಾಡ್ತಾಳೆ?” ಎಂದು.

ಅವಳು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು. “ದೊಡ್ಡಮ್ಮ ಮುಖದ ಮೇಲೆ ಟವೆಲು ಹಾಕಿ ಮಲಗ್ತಾರೆ ಅಮ್ಮ. ನಾನು ಓದಿ ಆದ ಮೇಲೆ ‘ದೊಡ್ಡಮ್ಮ, ಆಯ್ತು’ ಅಂತ ಹೇಳ್ತೇನೆ. ಮತ್ತೆ ಅವರು ಎದ್ದು ಆಫ್ ಮಾಡುದು. ನಿಮಗೆ ಗೊತ್ತುಂಟು ಅಂತ ಎಣಿಸಿದ್ದೆ.”

ಎಲ್ಲಿಂದ ಗೊತ್ತಿರಬೇಕು? ನಾನು ಆ ಬೆಳಕಿಗೆ ಸೊನ್ನೆ ಎಂದು ಬರೆದು ಮಲಗುತ್ತಿದ್ದೆ.

ಮಧ್ಯಾಹ್ನ ಹಿಂದಿನ ಓಣಿಯಿಂದ ಸುತ್ತಿ ಆಚೆಯ ಬಾಗಿಲಿಗೆ ಹೋದೆ. ಗೋಡೆ ಎದ್ದ ಮೇಲೆ ಇದೇ ಮೊದಲು. ಹೊಸ್ತಿಲಲ್ಲೇ ನಿಂತು ಝೀರೋ ಬಲ್ಬಿನ ವಿಷಯ ಎಲ್ಲ ಹೇಳಿಬಿಟ್ಟೆ, ಚಕ್ರ ತಿರುಗಿದ್ದು, ಹದಿನೈದು ವಾಟ್ಸು, ಪಾಯಿಂಟಿನ ಲೆಕ್ಕ ತಪ್ಪಿದ್ದು, ಫ್ಯೂಸ್ ಆಗಿದೆಯೆಂದು ಸುಳ್ಳು ಹೇಳಿದ್ದು. ಹಣ ಕೊಡುತ್ತೇನೆ ಎಂದೆ. ಸರಸಕ್ಕ ನೀರುಳ್ಳಿ ಸುಲಿಯುತ್ತಿದ್ದಳು, ನಿಲ್ಲಿಸಲಿಲ್ಲ.

“ಅದರ ಬೆಳಕು ಅರ್ಧ ನನ್ನ ಹಂಚಿಗೆ ಬೀಳ್ತಿತ್ತು. ಅರ್ಧ ಹಣ ನನ್ನದೇ ಆಯ್ತಲ್ಲ.”

“ಮತ್ತೆ ಉಳಿದ ಅರ್ಧ?”

“ನೀನು ಗಾಜು ಒಡೆದದ್ದಕ್ಕೆ ಅತ್ತೆಯಿಂದ ನಾನು ಬೈಸಿಕೊಂಡದ್ದು ಹಳೇ ಸಾಲ ಉಂಟಲ್ಲ. ಅದರ ಒಟ್ಟಿಗೆ ಇದನ್ನೂ ಬರೆದಿಟ್ಕೋ” ಎಂದಳು. ಹಾಗೆ ಹೇಳಿ ಅತ್ತೆ ಎಣ್ಣೆ ಅಳೆಯುವಾಗಿನ ಮುಖ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ. ನೀರುಳ್ಳಿ ಇದ್ದದ್ದು ಒಳ್ಳೆಯದಾಯಿತು, ಕಣ್ಣೀರಿಗೆ ಇಬ್ಬರೂ ಕಾರಣ ಹೇಳಬೇಕಾಗಿರಲಿಲ್ಲ.

೧೭ ಫೆಬ್ರವರಿ, ಭಾನುವಾರ

ಸಂಜೆ ಕರೆಂಟ್ ಇಲ್ಲ. ಹಿಂದಿನ ಮೆಟ್ಟಲಲ್ಲಿ ಅಕ್ಕ ಬತ್ತಿ ಕತ್ತರಿಸಿದಳು, ನಾನು ಗಾಜು ಒರೆಸಿದೆ. ನನ್ನ ಕೈ ಈಗ ಒಳಗೆ ಹೋಗುವುದಿಲ್ಲವೆಂದು ಅವಳೇ ಕೈ ಹಾಕಿ ಮುಗಿಸಿದಳು. ಒಂದೇ ಲಾಟೀನಿಗೆ ಮೂವರು. ಬರೆಯುವಂಥದ್ದು ಬೇರೆ ಏನೂ ಇಲ್ಲ.

೧೨ ಮಾರ್ಚ್, ಮಂಗಳವಾರ

ಇವರು ಬಂದರು. ಪೆಟ್ಟಿಗೆ ಬಿಚ್ಚುವ ಮೊದಲೇ, “ನೀನು ಪತ್ರದಲ್ಲಿ ಬರೆದದ್ದು ಎಲ್ಲ ಏರ್ಪಾಡಾಗಿದೆ. ಅಣ್ಣನೂ ಫೋನಿನಲ್ಲಿ ಒಪ್ಪಿದ್ದಾನೆ, ಹಣ ಕಟ್ಟಿ ಆಗಿದೆ. ಮುಂದಿನ ವಾರ ಬೇರೆ ಮೀಟರು. ಗೋಡೆಗೆ ಮೇಸ್ತ್ರಿ ಗುರುವಪ್ಪನಿಗೂ ಹೇಳಿದ್ದೇನೆ” ಎಂದರು. ಹೊಗಳಿಕೆಗೆ ಕಾದು ನಿಂತರು. ಅಣ್ಣ ತಮ್ಮಂದಿರು ಆರು ವರ್ಷದಲ್ಲಿ ಒಪ್ಪಿದ್ದು ಇದೊಂದೇ ವಿಷಯಕ್ಕೆ.

ಡಿಸೆಂಬರಿನಲ್ಲಿ ಪತ್ರ ಬರೆದದ್ದು ನಾನೇ. ಮೀಟರಿಗೆ ಹಣ ಕಟ್ಟಿದ ಮೇಲೆ ಬೇಡವೆನ್ನಲು ಬಾಯಿ ಬರಲಿಲ್ಲ. ಆದರೆ ಗೋಡೆ? ಮೇಲಿನ ಜಾಗ ಮುಚ್ಚಿದರೆ ವಿಜೇತಾ ಎಲ್ಲಿ ಓದಬೇಕು, ಅಕ್ಕ ಏನನ್ನು ನೋಡಿ ನಿದ್ರೆ ಮಾಡಬೇಕು?

೨೦ ಮಾರ್ಚ್, ಬುಧವಾರ

ಬೆಳಿಗ್ಗೆ ಎರಡನೇ ಮೀಟರು ಕೂತಿತು. ಜಗಲಿಯಲ್ಲಿ ಈಗ ಎರಡು ಚಕ್ರ.

ಹನ್ನೊಂದಕ್ಕೆ ಗುರುವಪ್ಪ ಇಟ್ಟಿಗೆ, ಸಿಮೆಂಟು ಇಳಿಸಿ ಏಣಿ ಇಟ್ಟ. ನಾನು ಏಣಿಯ ಬುಡದಲ್ಲಿ ನಿಂತೆ. “ಪರೀಕ್ಷೆಗೆ ಐದು ದಿವಸ ಇರುವಾಗ ಮನೆಯೊಳಗೆ ಸಿಮೆಂಟಿನ ಧೂಳು ಮಾಡ್ಲಿಕ್ಕೆ ನಾನು ಬಿಡುದಿಲ್ಲ” ಎಂದೆ.

“ನೀನೇ ಹೇಳಿದ್ದಲ್ಲವಾ?” ಎಂದರು ಇವರು.

“ಹೇಳಿದ್ದೆ. ಈಗ ಬೇಡ ಅಂತ ಹೇಳ್ತೇನೆ.”

“ಮತ್ತೆ ಇಷ್ಟು ಸಿಮೆಂಟು ಎಂಥ ಮಾಡುದು?”

ಆಚೆಯಿಂದ ಅಕ್ಕ ಇವರನ್ನು ಹೆಸರು ಹಿಡಿದು ಕರೆದಳು, “ಹಿಂದಿನ ಮೆಟ್ಟಲು ಒಡೆದು ಹೋಗಿದೆ ಧರ್ಣಪ್ಪ. ಕೂತ್ಕೊಳ್ಲಿಕ್ಕೆ ಆಗುದಿಲ್ಲ.”

ಗುರುವಪ್ಪ ನನ್ನ ಮುಖ ನೋಡಿದ, ಇವರ ಮುಖ ನೋಡಿದ, ಏಣಿ ಹೊತ್ತುಕೊಂಡು ಹಿಂದಕ್ಕೆ ನಡೆದ. ಸಂಜೆಗೆ ಮೂರು ಮೆಟ್ಟಲೂ ಹೊಸತಾಗಿದ್ದವು.

೯ ಏಪ್ರಿಲ್, ಮಂಗಳವಾರ

ವಿಜೇತಾಳ ಪರೀಕ್ಷೆ ಮುಗಿಯಿತು. ಅಕ್ಕ ಎಂಟೂವರೆಗೇ ಟ್ಯೂಬು ಆರಿಸಿ ಟವೆಲು ಇಲ್ಲದೆ ಮಲಗಿದಳು.

೧೪ ಏಪ್ರಿಲ್, ಭಾನುವಾರ

ಇವರ ರಜೆ ಮುಗಿಯುತ್ತಾ ಬಂತು. ಹೋಗುವ ಮೊದಲು ಒಂದು ಕೆಲಸ ಮಾಡಿಸಿಕೊಂಡೆ. ಅಕ್ಕ ಕೊಟ್ಟ ನೀಲಿ ಝೀರೋ ಪೆಟ್ಟಿಗೆಯಲ್ಲೇ ಇತ್ತಲ್ಲ, ಅದನ್ನು ನಡುಗೋಡೆಯ ತಲೆಯ ಮೇಲೆ, ಸರಿಯಾಗಿ ನಡುವಿಗೆ ಹೋಲ್ಡರು ಇಟ್ಟು ಹಾಕಿಸಿದೆ. ಮಲಗುವ ಕೋಣೆಯದ್ದನ್ನು ತೆಗೆದೆ. ವಯರು ನಮ್ಮ ಮೀಟರಿನಿಂದ. ಸಂಜೆ ಸ್ವಿಚ್ಚು ಒತ್ತಿದಾಗ ಎರಡು ಬದಿಯ ಹಂಚೂ ಒಟ್ಟಿಗೆ ನೀಲಿಯಾಯಿತು.

ಇವರು ತಲೆ ಎತ್ತಿ ನೋಡಿ, “ಇದು ರಾತ್ರಿ ಇಡೀ ಉರೀಬೇಕಾ? ಈಗ ಬಿಲ್ಲು ನಮ್ಮದು ಮಾತ್ರ, ಗೊತ್ತುಂಟಲ್ಲ?” ಎಂದರು.

“ಝೀರೋ ಬಲ್ಬಿಗೆ ಎಂಥ ಬಿಲ್ಲು ಮಾರಾಯ್ರೆ?” ಎಂದೆ.

“ಹೌದು, ಅದಕ್ಕೆ ಕರೆಂಟೇ ಬೇಡ” ಎಂದು ಆಚೆಯಿಂದ ಅಕ್ಕ ಹೇಳಿದಳು. ಆಮೇಲೆ ಅವಳು ಬಾಯಿಗೆ ಸೆರಗು ಒತ್ತಿ ನಗುವ ಸದ್ದು ಗೋಡೆ ದಾಟಿ ಬಂತು.

ಲೆಕ್ಕದ ಪುಟ ಇದೇ ಕೊನೆ. ಗೋಡೆಯ ಮೇಲಿನ ದೀಪ, ರಾತ್ರಿ ಇಡೀ, ತಿಂಗಳ ಖರ್ಚು: ಸೊನ್ನೆ.